ಪಾಟೀಸವಾಲಿಲ್ಲದ ಸಾಕ್ಷಿ

ಪರದೆ ಕಟ್ಟುವುದಕ್ಕೆ ನಮ್ಮ ಸೀಮೆಯಲ್ಲಿ ಕಂಬ ಹುಡುಕುವ ಕಷ್ಟವಿರಲಿಲ್ಲ. ಹೆಚ್ಚೂಕಡಿಮೆ ಒಂದೇ ಎತ್ತರದ ಎರಡು ತೆಂಗಿನ ಮರ ಸಿಕ್ಕರೆ ಸಾಕಿತ್ತು. ಊರಿನ ಹುಡುಗನೊಬ್ಬ ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಸರಸರನೆ ಹತ್ತಿ ಮೇಲಿನ ಎರಡು ಮೂಲೆ ಬಿಗಿಯುತ್ತಿದ್ದ. ಕೆಳಗಿನ ಮೂಲೆಗಳಿಗೆ ನಾನು ಗುಂಡುಕಲ್ಲು ಕಟ್ಟುತ್ತಿದ್ದೆ. ಕೆರೆ ಕಡೆಯಿಂದ ಗಾಳಿ ಬಂದರೆ ಪರದೆ ಹೊಟ್ಟೆ ಉಬ್ಬಿಸಿಕೊಂಡು ಚಿತ್ರದಲ್ಲಿನ ಅಣೆಕಟ್ಟೆಗಳೆಲ್ಲ ಬಾಗಿದಂತೆ ಕಾಣುತ್ತಿದ್ದವು. ಪ್ರೊಜೆಕ್ಟರಿಗೆ ಇಸ್ಕೂಲಿನ ಮೇಜು, ಜನರೇಟರಿಗೆ ಮಾತು ಕೇಳಿಸದಷ್ಟು ದೂರದಲ್ಲಿ ಒಂದು ಹಳ್ಳ. ಇಷ್ಟಾದ ಮೇಲೆ ಕತ್ತಲಾಗುವುದನ್ನು ಕಾಯುವುದು.

ಸರ್ಕಾರದ ಒಂದು ಪ್ರಚಾರ ವ್ಯಾನಿನಲ್ಲಿ ನಾನು 1974ರಲ್ಲಿ ಸಹಾಯಕನಾಗಿ ಸೇರಿದೆ. ಆಗ ನನಗೆ ಇಪ್ಪತ್ತೊಂದು. ಎರಡೇ ವರ್ಷಕ್ಕೆ ಆಪರೇಟರ್ ಆದೆ. ತುಮಕೂರು ಜಿಲ್ಲೆಯ ತುರುವೇಕೆರೆಯ ಮಾಯಸಂದ್ರ, ದಬ್ಬೇಘಟ್ಟ, ದಂಡಿನಶಿವರ, ತಿಪಟೂರಿನ ಹೊನ್ನವಳ್ಳಿ, ನೊಣವಿನಕೆರೆ, ಚಿಕ್ಕನಾಯಕನಹಳ್ಳಿಯ ಹುಳಿಯಾರು, ಹಂದನಕೆರೆ, ಕಂದಿಕೆರೆ, ಶೆಟ್ಟಿಕೆರೆ, ಈ ಹೋಬಳಿಗಳಲ್ಲಿ ನಾನು ಪರದೆ ಕಟ್ಟದ ಊರು ಬಹಳ ಉಳಿದಿರಲಾರದು. ಜನ ನಮ್ಮನ್ನು ‘ಬಿಟ್ಟಿ ಪಿಚ್ಚರ್‌ನೋರು’ ಅನ್ನುತ್ತಿದ್ದರು. ನಾವು ತೋರಿಸುತ್ತಿದ್ದುದು ಸಾಕ್ಷ್ಯಚಿತ್ರ. ಆ ಪದವನ್ನು ಊರಿನಲ್ಲಿ ಯಾರೂ ಬಳಸುತ್ತಿರಲಿಲ್ಲ. ನನಗೂ ಅದರ ಅರ್ಥ ತಟ್ಟಿದ್ದು ಆಮೇಲೆ.

ಒಂದು ರಾತ್ರಿ ಹಂದನಕೆರೆ ಕಡೆಯ ಊರಲ್ಲಿ ಅಸ್ಪೃಶ್ಯತೆ ಅಳಿಯಬೇಕು ಅನ್ನುವ ರೀಲು ಹಾಕಿದ್ದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯನ್ನು 1976ರಲ್ಲಿ ತಿದ್ದಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಾಯಿಸಿದ ಹೊಸತು. ರೀಲು ಅರ್ಧ ಆದಾಗ ಪರದೆಯ ಕಲ್ಲೊಂದು ಜಾರಿತು. ಅದನ್ನು ಬಿಗಿಯಲು ಹೋದವನು ಹಿಂದುಗಡೆ ನೋಡಿದೆ. ಹಟ್ಟಿಯ ಜನ ಹೆಂಗಸರು ಮಕ್ಕಳೊಂದಿಗೆ ಪರದೆಯ ಹಿಂಬದಿಗೆ ಕೂತು ನೋಡುತ್ತಿದ್ದರು. ಅವರಿಗೆ ಚಿತ್ರವೆಲ್ಲ ಎಡಬಲ ತಿರುಗಿತ್ತು. ‘ಅಸ್ಪೃಶ್ಯತೆ ಅಪರಾಧ’ ಅನ್ನುವ ಕನ್ನಡ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಮುಂದುಗಡೆ ಬನ್ನಿ ಅಂದೆ. ಒಬ್ಬ ಮುದುಕ, “ಇಲ್ಲೇ ಚೆಂದಾಗ್ ಕಾಣ್ತೈತೆ, ನೀವ್ ಓಗಿ ಸಾಮಿ” ಅಂದ. ನಾನು ವಾಪಸ್ ಹೋಗಿ ಪ್ರೊಜೆಕ್ಟರ್ ಪಕ್ಕ ನಿಂತೆ. ನಿಂತುಬಿಟ್ಟೆನಲ್ಲ ಅನ್ನುವುದು ಇವತ್ತಿಗೂ ನನ್ನನ್ನು ಕೊರೆಯುತ್ತದೆ. ಸಾಕ್ಷ್ಯಚಿತ್ರಕ್ಕೆ ರಾಜಕೀಯದಲ್ಲಿ ಏನು ಕೆಲಸ ಅಂತ ಈಚೆಗೆ ಹುಡುಗರು ಕೇಳಿದಾಗ ನನ್ನ ಕಣ್ಣಿಗೆ ಮೊದಲು ಬರುವುದು ಆ ಪರದೆಯ ಎರಡು ಮಗ್ಗುಲು.

ಈ ರೀಲುಗಳು ಎಲ್ಲಿಂದ ಬರುತ್ತಿದ್ದವು ಅನ್ನುವುದನ್ನು ಮೊದಲು ಹೇಳಬೇಕು.

ಎರಡನೇ ಮಹಾಯುದ್ಧಕ್ಕೆ ಜನರ ಮನಸ್ಸು ತಯಾರು ಮಾಡಬೇಕೆಂದು ಬ್ರಿಟಿಷ್ ಸರ್ಕಾರ 1940ರಲ್ಲಿ ಫಿಲ್ಮ್ ಅಡ್ವೈಸರಿ ಬೋರ್ಡ್ ಕಟ್ಟಿತು. 1943ರಲ್ಲಿ ಅದರ ಜಾಗಕ್ಕೆ ಇನ್ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ ಬಂತು. ಅದೇ ಸುಮಾರಿಗೆ ಭಾರತ ರಕ್ಷಣಾ ನಿಯಮದಡಿ ಒಂದು ಅಪ್ಪಣೆ ಹೊರಟಿತು: ಪ್ರತಿ ಚಿತ್ರಮಂದಿರವೂ ಪ್ರತಿ ಆಟದಲ್ಲೂ ಸರ್ಕಾರ ಒಪ್ಪಿದ ಚಿತ್ರಗಳನ್ನು ತೋರಿಸಲೇಬೇಕು. ಯುದ್ಧ ಮುಗಿಯಿತು. ಪರಕೀಯರ ಪ್ರಚಾರ ಯಂತ್ರ ಅಂತ ನಮ್ಮವರೇ ಸಿಟ್ಟಾಗಿ 1946ರಲ್ಲಿ ಅದನ್ನು ಮುಚ್ಚಿಸಿದರು. ಹೀಗಾಗಿ 1947ರ ಆಗಸ್ಟ್ 15ರಂದು ದೇಶದ ಸರ್ಕಾರದ ಕೈಯಲ್ಲಿ ತನ್ನದು ಅನ್ನುವ ಚಿತ್ರ ಘಟಕವೇ ಇರಲಿಲ್ಲ. ನಮ್ಮ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ಆ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ನಡೆಯಿತು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಆ ಚಳವಳಿಯ ಒಂದು ಅಡಿ ರೀಲೂ ನನ್ನ ಕೈ ಮೇಲೆ ಹಾದುಹೋಗಿಲ್ಲ.

1948ರಲ್ಲಿ ಬೊಂಬಾಯಿಯಲ್ಲಿ ಫಿಲ್ಮ್ಸ್ ಡಿವಿಷನ್ ಶುರುವಾಯಿತು. ಯುದ್ಧಕಾಲದ ಆ ಅಪ್ಪಣೆಯೂ ಬೇರೆ ರೂಪದಲ್ಲಿ ಮರಳಿತು. 1952ರ ಸಿನಿಮಾಟೊಗ್ರಾಫ್ ಕಾಯ್ದೆಯ 12ನೇ ಕಲಮಿನಲ್ಲಿ ಅದು ಇದೆ. ಲೈಸೆನ್ಸ್ ಬೇಕಾದ ಥಿಯೇಟರು ಪ್ರತಿ ಆಟಕ್ಕೂ 2000 ಅಡಿ ಮೀರದ, ಅಂದರೆ ಇಪ್ಪತ್ತು ನಿಮಿಷಕ್ಕೆ ಸಮೀಪದ, ವಾರ್ತಾಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ಹಾಕಬೇಕಿತ್ತು. ಅದಕ್ಕೆ ಬಾಡಿಗೆಯನ್ನೂ, ನಿವ್ವಳ ಗಳಿಕೆಯ ಶೇಕಡಾ 1ರ ಲೆಕ್ಕದಲ್ಲಿ, ಥಿಯೇಟರಿನವರೇ ಕೊಡಬೇಕಿತ್ತು. ಮಾಲೀಕರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟ್ 1999ರಲ್ಲಿ ಈ ಕಡ್ಡಾಯವನ್ನು ಎತ್ತಿಹಿಡಿಯಿತು. ಜನಕ್ಕೆ ತಿಳಿವಳಿಕೆ ಕೊಡುವುದು ತಪ್ಪಲ್ಲ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ತಿಳಿವಳಿಕೆ ಕೊಡುವ ದನಿ ಒಂದೇ ಆಗಿಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಇಪ್ಪತ್ತೈದು ವರ್ಷ ಆ ದನಿಯ ಪಕ್ಕದಲ್ಲೇ ನಿಂತು ಕೇಳಿದವನು ನಾನು.

ನಾನು ಚಿಕ್ಕವನಾಗಿದ್ದಾಗ ನನ್ನ ಸೋದರಮಾವ ಒಂದು ಟೂರಿಂಗ್ ಟಾಕೀಸಿನಲ್ಲಿ ಗೇಟ್ ಕಾಯುತ್ತಿದ್ದ. ಪೆಟ್ಟಿಗೆಗಳು ಬೆಂಗಳೂರಿನಿಂದ ರೈಲಿನಲ್ಲಿ ತಿಪಟೂರು ಸ್ಟೇಷನ್ನಿಗೆ ಬರುತ್ತಿದ್ದವು. ಮಾವನ ಜೊತೆ ಎತ್ತಿನ ಗಾಡಿಯಲ್ಲಿ ಹೋಗಿ ತರುತ್ತಿದ್ದೆವು. ಕಥಾಚಿತ್ರದ ಪೆಟ್ಟಿಗೆಗಳ ಜೊತೆಗೆ ಒಂದು ಚಿಕ್ಕ ತಗಡಿನ ಡಬ್ಬಿ ಇರುತ್ತಿತ್ತು. ಅದೇ ನ್ಯೂಸ್ ರೀಲು. ಪಟ್ಟಣದ ದೊಡ್ಡ ಥಿಯೇಟರುಗಳನ್ನೆಲ್ಲ ಸುತ್ತಿ, ತೂತುಗಳು ಹರಿದು, ಮೈಯೆಲ್ಲ ಗೀರು ಬಿದ್ದ ಮೇಲೆ ಅದು ನಮ್ಮ ಗುಡಾರಕ್ಕೆ ಬರುತ್ತಿತ್ತು. ಬರುವ ಹೊತ್ತಿಗೆ ಸುದ್ದಿ ಹಳೆಯದಾಗಿ ಎಷ್ಟೋ ತಿಂಗಳು ಕಳೆದಿರುತ್ತಿತ್ತು. ಜನಕ್ಕೆ ಸಹನೆ ಇರುತ್ತಿರಲಿಲ್ಲ. ರೀಲು ಶುರುವಾದ ಕೂಡಲೇ ನೆಲದ ಕ್ಲಾಸಿನಿಂದ, “ನರಸಿಂಹರಾಜುನ ಬಿಡ್ರಪ್ಪೋ” ಅಂತ ಕೂಗು ಏಳುತ್ತಿತ್ತು. ಹಾಸ್ಯನಟ ನರಸಿಂಹರಾಜು ತಿಪಟೂರಿನಲ್ಲೇ ಹುಟ್ಟಿದವರು. ನಮ್ಮೂರಿನವರು ಬರುವ ತನಕ ಈ ಪಟೇಲನ ಭಾಷಣ ಯಾಕೆ ಅನ್ನುವ ಭಾವ.

ಒಂದೇ ಒಂದು ಸಲ ಆ ಕೂಗು ಏಳಲಿಲ್ಲ. 1964ರ ಮೇ 27ರಂದು ನೆಹರೂ ತೀರಿಕೊಂಡರು. ಅವರ ಅಂತಿಮಯಾತ್ರೆಯ ರೀಲು ನಮ್ಮ ಗುಡಾರಕ್ಕೆ ಬಂದಾಗ ರಾಗಿ ಕಟಾವಿನ ಕಾಲ. ನನಗೆ ಹನ್ನೊಂದು ವಯಸ್ಸು. ಸತ್ತು ಆರು ತಿಂಗಳು ಕಳೆದ ಮನುಷ್ಯನ ಹೆಣ ಹೋಗುತ್ತಿತ್ತು, ಜನ ಎದ್ದು ನಿಂತರು. ನನ್ನ ಮುಂದೆ ಕೂತಿದ್ದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು. ಸುದ್ದಿ ಅವಳಿಗೆ ಗೊತ್ತಿತ್ತು. ಆದರೆ ಕಣ್ಣಾರೆ ಕಂಡಿರಲಿಲ್ಲ. ಸಾವಿನ ಮನೆಗೆ ಹೋಗಿ ಮುಖ ನೋಡಿ ಬರಬೇಕು ಅನ್ನುವುದು ನಮ್ಮಲ್ಲಿ ಇರುವ ನಡಾವಳಿಯಲ್ಲವೇ. ಅವಳು ಆವತ್ತು ದೆಹಲಿಯ ಸಾವಿನ ಮನೆಗೆ ಹೋಗಿ ಬಂದಳು. ಈ ಕೆಲಸಕ್ಕೆ ಸೇರಬೇಕು ಅಂತ ನನಗೆ ಅನ್ನಿಸಿದ್ದು ಆವತ್ತೇ.

ವ್ಯಾನಿನ ಕೆಲಸ ಬೇರೆ ಬಗೆಯದು. ಥಿಯೇಟರಿನದು 35 ಮಿಲಿಮೀಟರಿನ ಫಿಲ್ಮು, ನಮ್ಮದು 16 ಮಿಲಿಮೀಟರಿನದು, ಕಿರುಬೆರಳ ಅಗಲ. 400 ಅಡಿಯ ಒಂದು ಸುರುಳಿ ಓಡುವುದು ಹನ್ನೊಂದು ನಿಮಿಷ. ಒಂದು ಅಂಚಿನಲ್ಲಿ ತೂತು, ಇನ್ನೊಂದು ಅಂಚಿನಲ್ಲಿ ಧ್ವನಿಯ ಪಟ್ಟಿ. ಗೇಟಿನಲ್ಲಿ ಫಿಲ್ಮು ಸಿಕ್ಕಿ ಅರೆಗಳಿಗೆ ನಿಂತರೂ ದೀಪದ ಶಾಖಕ್ಕೆ ಪರದೆಯ ಮೇಲೆ ಮನುಷ್ಯನ ಕೆನ್ನೆಯಲ್ಲಿ ಕಂದು ಬೊಬ್ಬೆ ಎದ್ದು, ಹಿಗ್ಗಿ, ಮುಖವೇ ಕರಗಿ ಬಿಳಿಯಾಗುತ್ತಿತ್ತು. ಮಕ್ಕಳು ಚೀರುತ್ತಿದ್ದವು. ಆಗ ಬ್ಲೇಡಿನಿಂದ ತುದಿ ಕೆರೆದು, ಉಗುರುಬಣ್ಣದಂಥ ವಾಸನೆಯ ಅಂಟು ಹಚ್ಚಿ, ಉಸಿರು ಬಿಗಿಹಿಡಿದು ಒತ್ತಬೇಕು. ಪ್ರತಿ ಅಂಟಿಗೂ ಒಂದೆರಡು ಚೌಕ ಹೋಗುತ್ತದೆ. ಹಾಗಾಗಿ ಬಹಳ ಓಡಿದ ರೀಲಿನಲ್ಲಿ ಮಂತ್ರಿಗಳ ಮಾತು ನಡುವೆ ನಡುವೆ ಜಿಗಿಯುತ್ತಿತ್ತು.

ದೆಹಲಿಯ ಸರ್ಕಾರ ಪಂಚವಾರ್ಷಿಕ ಯೋಜನೆಗಳನ್ನು ಜನಕ್ಕೆ ತಿಳಿಸಲು 1953ರಲ್ಲಿ ಈ ಬಗೆಯ ಕ್ಷೇತ್ರ ಪ್ರಚಾರದ ವ್ಯವಸ್ಥೆ ಮಾಡಿತು. ರಾಜ್ಯಗಳೂ ತಮ್ಮ ವ್ಯಾನುಗಳನ್ನು ಇಟ್ಟುಕೊಂಡವು. ಸಿಡುಬು, ಮಲೇರಿಯಾ, ಗೊಬ್ಬರ, ಅಣೆಕಟ್ಟು, ಕೆಂಪು ತ್ರಿಕೋನದ ಕುಟುಂಬ ಯೋಜನೆ. ಇವುಗಳಲ್ಲಿ ಒಳ್ಳೆಯ ಚಿತ್ರಗಳೂ ಇದ್ದವು. ಫಿಲ್ಮ್ಸ್ ಡಿವಿಷನ್ನಿನ ಒಳಗೇ ಎದೆಗಾರಿಕೆಯಿಂದ ಕೆಲಸ ಮಾಡಿದವರು ಇದ್ದರು. ಸ್ವಾತಂತ್ರ್ಯದ ವರ್ಷ ಹುಟ್ಟಿದ ಹುಡುಗ ಹುಡುಗಿಯರನ್ನು ಅವರ ಇಪ್ಪತ್ತನೇ ವಯಸ್ಸಿನಲ್ಲಿ ಮಾತಾಡಿಸಿ ಎಸ್.ಎನ್.ಎಸ್. ಶಾಸ್ತ್ರಿ 1967ರಲ್ಲಿ ‘ಐ ಆ್ಯಮ್ 20’ ಮಾಡಿದರು. ಅದರಲ್ಲಿ ದೇಶದ ಬಗ್ಗೆ ಹುಡುಗರು ಮನಸ್ಸಿನಲ್ಲಿ ಇದ್ದದ್ದನ್ನೇ ಹೇಳುತ್ತಾರೆ. ಅಂಥವು ನನ್ನ ವ್ಯಾನಿಗೆ ಬರಲಿಲ್ಲ. ನಿವೃತ್ತನಾದ ಎಷ್ಟೋ ವರ್ಷದ ಮೇಲೆ ಮೊಬೈಲಿನಲ್ಲಿ ಅದನ್ನು ನೋಡಿ ಸಂಕಟಪಟ್ಟೆ. ಹೊನ್ನವಳ್ಳಿಯಲ್ಲಿ ಇದನ್ನು ಹಾಕಿದ್ದರೆ ಎಂಥ ಮಾತು ಎದ್ದಿರುತ್ತಿತ್ತು!

ನನಗೆ ಬರುತ್ತಿದ್ದ ತೆಂಗಿನ ಚಿತ್ರವನ್ನೇ ತೆಗೆದುಕೊಳ್ಳಿ. ಅದನ್ನು ಕರಾವಳಿಯ ತೋಟಗಳಲ್ಲಿ ತೆಗೆದಿದ್ದರು. ಹಿನ್ನೀರು, ದೋಣಿ, ತೇವದ ನೆಲ. ಬೊಂಬಾಯಿಯಲ್ಲಿ ಬರೆದ ಕನ್ನಡ ನಿರೂಪಣೆ ಅದಕ್ಕೆ. ‘ನಾರಿಕೇಳ ಫಲ’ ಅಂತ ಶುರು. ದಬ್ಬೇಘಟ್ಟದ ಬಳಿ ಅದನ್ನು ಹಾಕಿದಾಗ ಒಬ್ಬ ರೈತ ಎದ್ದು ನಿಂತು, ಬೆಳಕಿನ ಕೋಲಿಗೆ ತಲೆ ಅಡ್ಡ ಕೊಟ್ಟೇ ಹೇಳಿದ: “ಇದ್ ನಮ್ ಮರ ಅಲ್ಲ ಬುಡಿ ಸಾಮಿ. ನಮ್ ಮರಕ್ಕೆ ನೀರೆಲ್ಲೈತೆ?” ಜನ ಹೌದು ಹೌದು ಅಂದರು. ನಮ್ಮದು ಮಳೆ ಕಡಿಮೆಯ ಬಯಲು. ಕೆರೆ ತುಂಬಿದರೆ ತೋಟ, ಇಲ್ಲದಿದ್ದರೆ ಸುಳಿ ಒಣಗುತ್ತದೆ. ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿದದ್ದು 1979ರಲ್ಲಿ. ಬಾಗೂರು ನವಿಲೆಯ ಸುರಂಗ ದಾಟಿ ನಾಲೆಯ ನೀರು ನಮ್ಮ ಕಡೆಗೆ ಬರಲು ಆಮೇಲೂ ಕಾಲ ಹಿಡಿಯಿತು. ಆ ವೇಳೆಗೆ ಅಣೆಕಟ್ಟೆಗಳ ಚಿತ್ರಗಳನ್ನು ನಾನು ನೂರಾರು ಸಲ ತೋರಿಸಿಯಾಗಿತ್ತು.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಕರಾವಳಿಯವರು ಕಾಯಿ ಒಡೆದು ಹೋಳು ಒಣಗಿಸಿ ಎಣ್ಣೆಗೆ ಕೊಡುತ್ತಾರೆ. ನಮ್ಮದು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಬಿಡಬೇಕು. ಕೆಳಗೆ ಒಲೆಯ ಹೊಗೆ, ಮೇಲೆ ಹೆಂಚಿನ ಬಿಸಿ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಿಟುಕು ಒಳಗೆ ಗಡಗಡ ಅನ್ನಬೇಕು. ಆ ಸದ್ದಿಗೆ ನಮ್ಮ ಸೀಮೆಯ ಮದುವೆ, ಸಾಲ, ಇಸ್ಕೂಲು ಫೀಸು ಎಲ್ಲ ಕಾದು ಕೂತಿರುತ್ತವೆ. ಹನ್ನೊಂದು ನಿಮಿಷದ ಸುರುಳಿಯಲ್ಲಿ ಗಿಡ ನೆಟ್ಟು, ಫಸಲು ಬಂದು, ರೈತ ನಕ್ಕು, ಸಂಗೀತ ಏಳುತ್ತದೆ. ಏನೂ ನಡೆಯದಂತೆ ಕಾಣುವ ಒಂದು ವರ್ಷವನ್ನು ಆ ಸುರುಳಿ ಎಲ್ಲಿ ಇಟ್ಟುಕೊಳ್ಳಬೇಕು? ನಮ್ಮ ರಾಜಕೀಯವೆಲ್ಲ ಇರುವುದು ಆ ಕಾಯುವಿಕೆಯಲ್ಲಿ. ಕಾಯಲು ಆಗುವವನು ದರ ಏರಿದಾಗ ಮಾರುತ್ತಾನೆ. ಆಗದವನು ಎಳನೀರಿಗೋ ಹಸಿ ಕಾಯಿಗೋ ಸಾಹುಕಾರನಿಗೆ ಮೊದಲೇ ಬರೆದುಕೊಟ್ಟಿರುತ್ತಾನೆ.

ಈಗ ಸಾಕ್ಷ್ಯಚಿತ್ರ ಅನ್ನುವ ಆ ಪದದ ಅರ್ಥ ತಟ್ಟಿದ ರಾತ್ರಿಯನ್ನು ಹೇಳುತ್ತೇನೆ. ನನ್ನಪ್ಪ ಬದುವಿನ ವ್ಯಾಜ್ಯಕ್ಕೆ ಹನ್ನೆರಡು ವರ್ಷ ತಿಪಟೂರಿನ ಕೋರ್ಟಿಗೆ ಅಲೆದವನು. ಅವನು ಹೇಳುತ್ತಿದ್ದ ಮಾತೊಂದಿತ್ತು: ಸಾಕ್ಷಿ ಹೇಳಿದವನು ಪಾಟೀಸವಾಲಿಗೆ ನಿಲ್ಲಬೇಕು, ನಿಲ್ಲದಿದ್ದರೆ ಅವನು ಹೇಳಿದ್ದು ಸಾಕ್ಷಿಯಲ್ಲ, ಬರೀ ಮಾತು.

1976ರ ಬೇಸಿಗೆ. ತುರ್ತುಪರಿಸ್ಥಿತಿ. ಇಪ್ಪತ್ತು ಅಂಶದ ಕಾರ್ಯಕ್ರಮದ ರೀಲುಗಳನ್ನು ಹಾಕಿ ಹಾಕಿ ನನಗೆ ನಿರೂಪಣೆ ಬಾಯಿಪಾಠವಾಗಿತ್ತು. ಸಂತಾನಹರಣದ ಚಿತ್ರ ಶುರುವಾದರೆ ಗಂಡಸರು ಒಬ್ಬೊಬ್ಬರೇ ಬೀಡಿ ಹಚ್ಚುವ ನೆಪದಲ್ಲಿ ಎದ್ದು ಕತ್ತಲಲ್ಲಿ ಕರಗುತ್ತಿದ್ದರು. ಪಿಚ್ಚರ್ ತೋರಿಸಿ ವ್ಯಾನಿಗೆ ತುಂಬಿಕೊಂಡು ಹೋಗುತ್ತಾರೆ ಅನ್ನುವ ಭಯ ಹಬ್ಬಿತ್ತು. ಅದೇ ಕಾಲಕ್ಕೆ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ನಡೆಯುತ್ತಿತ್ತು. ತಿದ್ದುಪಡಿ ಮಾಡಿದ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು, ಭೂ ನ್ಯಾಯಮಂಡಳಿ ತೀರ್ಮಾನ ಮಾಡಬೇಕಿತ್ತು.

ತುರುವೇಕೆರೆ ತಾಲ್ಲೂಕಿನ ಒಂದು ಊರು. ಹೆಸರು ಬೇಡ. ಉಳುವವನೇ ಹೊಲದೊಡೆಯ ಅನ್ನುವ ಕಿರುಚಿತ್ರ ಹಾಕಿದೆ. ಮುಂದುಗಡೆ ಕುರ್ಚಿಯಲ್ಲಿ ಊರಿನ ದೊಡ್ಡ ಹಿಡುವಳಿದಾರರು ಕೂತಿದ್ದರು. ರೀಲು ಮುಗಿಯಿತು. ದೀಪ ಹಾಕಿ ಸುರುಳಿ ಹಿಂದಕ್ಕೆ ಸುತ್ತುತ್ತಿದ್ದೆ. ಹಿಂದಿನಿಂದ ಒಬ್ಬ ಮೈಯೆಲ್ಲ ಹಿಡಿ ಮಾಡಿಕೊಂಡು ಎದ್ದು ಕೇಳಿದ: “ಸಾಮಿ, ಆ ಏಳ್ನೇ ಫಾರಂ ಎಲ್ ಸಿಕ್ತೈತೆ? ಗೇಣಿಗೆ ರಸೀತಿ ಇಲ್ದೋರು ಏನ್ ಮಾಡಾದು?” ಪಿಚ್ಚರಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಪಿಚ್ಚರಿನ ರೈತನ ಕೈಯಲ್ಲಿ ಕಾಗದವೆಲ್ಲ ಇತ್ತು. ನಮ್ಮ ಜೊತೆ ಬಂದಿದ್ದ ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು. ಫಾರಂ ತಾಲ್ಲೂಕು ಕಚೇರಿಯಲ್ಲಿ ಸಿಗುತ್ತದೆ, ರಸೀತಿ ಇಲ್ಲದಿದ್ದರೆ ಅಕ್ಕಪಕ್ಕದ ಹೊಲದವರು ಸಾಕ್ಷಿ ಹೇಳಬಹುದು ಅಂದರು. ಸದ್ದಿಲ್ಲ. ಜನರೇಟರು ದೂರದಲ್ಲಿ ಗುಡುಗುಡು ಅನ್ನುತ್ತಿತ್ತು. ಕುರ್ಚಿಯಲ್ಲಿ ಕೂತವರು ತಿರುಗಿ ನೋಡಲಿಲ್ಲ. ಆಗ ಹೆಂಗಸರ ಗುಂಪಿನಿಂದ ಒಬ್ಬ ಅಜ್ಜಿ, ಕೂತಲ್ಲಿಂದಲೇ, “ನಾನ್ ಯೋಳ್ತೀನಿ ಸಾಕ್ಸಿ. ನಲವತ್ ವರ್ಸದಿಂದ ಆ ವೊಲ ಇವ್ರಪ್ಪ ಉಳ್ತಿದ್ದ, ಈಗ್ ಇವ್ನ್ ಉಳ್ತಾವ್ನೆ. ನಾನ್ ನೋಡಿವ್ನಿ” ಅಂದಳು.

ಮುಂದಿನ ಕುರ್ಚಿ ಖಾಲಿಯಾಯಿತು. ಆಮೇಲೆ ಒಂದು ಗಂಟೆ ಹೊತ್ತು ಜನ ಕೇಳಿದರು, ನಾವು ನಿಂತೆವು. ವಾರ ಕಳೆಯುವುದರೊಳಗೆ ನಮಗೆ ಬಾಯಿಮಾತಿನ ಅಪ್ಪಣೆ ಬಂತು: ಪಿಚ್ಚರ್ ಆದ ಮೇಲೆ ಸಭೆ ಬೇಡ, ಪರದೆ ಬಿಚ್ಚಿ ಹೊರಡಿ. ಅರ್ಜಿಯ ಗಡುವು ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಎದ್ದು ಕೇಳಿದ ಮನುಷ್ಯನಿಗೆ ಆ ಹೊಲ ಆಯಿತು ಅಂತ ವರ್ಷಗಳ ಮೇಲೆ ಸಂತೆಯಲ್ಲಿ ಸಿಕ್ಕಿ ಅವನೇ ಹೇಳಿದ. ಚಿತ್ರ ಒಳ್ಳೆಯದಿತ್ತೋ ಕೆಟ್ಟದಿತ್ತೋ, ನಾನು ಬೆಲೆ ಕಟ್ಟುವುದು ಆ ಒಂದು ಗಂಟೆಗೆ. ಆವತ್ತಿನಿಂದ ಪರದೆ ಬಿಚ್ಚುವಾಗ ಬೇಕೆಂದೇ ತಡ ಮಾಡುತ್ತಿದ್ದೆ. ಗಂಟು ಬಿಗಿದಿದೆ ಅನ್ನುತ್ತಿದ್ದೆ. ಜನ ಮಾತಾಡಿಕೊಳ್ಳಲಿ ಅಂತ.

ಎಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಕೆಲವು ಹೆಣ್ಣುಮಕ್ಕಳು 16 ಮಿಲಿಮೀಟರಿನ ಪ್ರೊಜೆಕ್ಟರ್ ಓಡಿಸುವವರು ಬೇಕು ಅಂದರು. ರಜೆ ಹಾಕಿ ಹೋದೆ. ಅವರು ಕೊಟ್ಟ ಚಿತ್ರ ನಿಪ್ಪಾಣಿಯದು. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರು ಸಂಘ ಕಟ್ಟಿ ಮುಷ್ಕರ ಹೂಡಿದ ಕಥೆ. ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್, ನವ್ರೋಜ್ ಕಂಟ್ರಾಕ್ಟರ್ 1980ರಲ್ಲಿ ಬೆಂಗಳೂರಿನಲ್ಲಿ ಕಟ್ಟಿಕೊಂಡ ‘ಯುಗಾಂತರ್’ ತಂಡ ಅದನ್ನು 1982ರಲ್ಲಿ ಮಾಡಿತ್ತು. ಮರಾಠಿ ಹೆಸರು, ‘ತಂಬಾಕು ಚಾಕಿಲಾ ಊಬ್ ಆಲಿ’. ಸುಮಾರು 25 ನಿಮಿಷ. ಕ್ಯಾಮೆರಾ ಹಿಡಿಯುವ ಮುಂಚೆ ಆ ತಂಡದವರು ತಿಂಗಳುಗಟ್ಟಲೆ ಆ ಹೆಂಗಸರ ನಡುವೆ ಇದ್ದರಂತೆ. ಏನು ತೋರಿಸಬೇಕು ಅನ್ನುವುದನ್ನು ಅವರೊಂದಿಗೇ ಕೂತು ನಿಶ್ಚಯಿಸಿದರಂತೆ.

ಫಿಲ್ಮನ್ನು ಗೇಟಿಗೆ ಸಿಕ್ಕಿಸುವಾಗ ಬೆರಳಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಅದೇ ಕಿರುಬೆರಳ ಅಗಲ, ಅದೇ ತೂತು. ಓಡಿದ ಮೇಲೆ ಮೈ ಜುಂ ಅಂದಿತು. ಮೇಲಿನಿಂದ ಹೇಳುವ ಗಂಡು ದನಿ ಇಲ್ಲ. ಕೆಲಸ ಮಾಡುವವರೇ ಮಾತಾಡುತ್ತಾರೆ. ಧೂಳು, ಕೂಲಿ, ಮೇಸ್ತ್ರಿಯ ದಬ್ಬಾಳಿಕೆ. ನನಗೆ ಮರಾಠಿ ಅರೆಬರೆ. ಆದರೆ ಸಭೆಯಲ್ಲಿ ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಪೂರ್ತಿ ಮಾಡುವ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮೂರ ಅಜ್ಜಿ ಕೂತಲ್ಲಿಂದಲೇ ಹೇಳಿದ್ದು ಹಾಗೆಯೇ. ನಮ್ಮಲ್ಲಿ ಆ ಮಾತು ಬಂದದ್ದು ಪರದೆ ಬಿಳಿಯಾದ ಮೇಲೆ, ಇಲ್ಲಿ ಪರದೆಯ ಮೇಲೇ ಬಂದಿತ್ತು. ಹದಿನೈದು ವರ್ಷ ನಾನು ಓಡಿಸಿದ್ದು ಯಾವ ಕಡೆಯಿಂದ ಯಾವ ಕಡೆಗೆ ಅನ್ನುವುದು ಆ 25 ನಿಮಿಷದಲ್ಲಿ ಕಣ್ಣಿಗೆ ಹೊಡೆಯಿತು.

ಅದೇ ಹಾದಿಯಲ್ಲಿ ಬೆಂಗಳೂರಿನ ಚಲಂ ಬೆನ್ನೂರಕರ್ ಇದ್ದರು. ಶಿವಕಾಶಿಯ ಬೆಂಕಿಪೊಟ್ಟಣ, ಪಟಾಕಿ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಅವರು ಮಾಡಿದ ‘ಕುಟ್ಟಿ ಜಪಾನಿನ್ ಕುಳಂದೈಗಳ್’ 1990ರದು. ಕನ್ನಡದವರೊಬ್ಬರು ತಮಿಳಿನಲ್ಲಿ ಮಾಡಿದ ಆ ಚಿತ್ರ ಜಪಾನಿನ ಯಮಗಾತದ ಉತ್ಸವದ ತನಕ ಹೋಯಿತು. ಅವರು 2017ರಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಕಾಲೇಜುಗಳ ಮಕ್ಕಳಿಗೆ ಗೊತ್ತಿಲ್ಲ ಅನ್ನುವುದು ನನ್ನ ಕೊರಗು.

ವ್ಯಾನಿನ ಕಾಲ ಬೇಗ ಮುಗಿಯಿತು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾಯಿತು. ಪಂಚಾಯ್ತಿಗೊಂದು ಟೀವಿ ಬಂದ ಮೇಲೆ ನಮ್ಮ ಪರದೆಯ ಮುಂದೆ ಮಕ್ಕಳು ಮಾತ್ರ ಉಳಿದರು. ಪ್ರೊಜೆಕ್ಟರಿನ ದೀಪ ಸುಟ್ಟರೆ ಹೊಸದು ಬರಲು ವರ್ಷವಾಗತೊಡಗಿತು. ದೆಹಲಿಯ ಕ್ಷೇತ್ರ ಪ್ರಚಾರ ವಿಭಾಗ 2017ರಲ್ಲಿ ಬೇರೆ ಹೆಸರಿನೊಳಗೆ ಸೇರಿಹೋಯಿತು. 1948ರ ಫಿಲ್ಮ್ಸ್ ಡಿವಿಷನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ ಅಂದರೆ ಎನ್‌ಎಫ್‌ಡಿಸಿಯಲ್ಲಿ ವಿಲೀನವಾಯಿತು. ಆ ದನಿಯ ಮೇಲೆ ನನಗೆ ಎಷ್ಟು ಸಿಟ್ಟಿದ್ದರೂ ಸುದ್ದಿ ಓದಿದ ದಿನ ಊಟ ಸೇರಲಿಲ್ಲ.

ನಡುವೆ ನಮ್ಮ ಸೀಮೆಯಲ್ಲಿ ಏನೇನು ಆಯಿತು! ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಅದಿರು ಬಗೆದು ಲಾರಿಗಳು ಹಗಲೂ ರಾತ್ರಿ ಓಡಿದವು. ರಸ್ತೆ ಬದಿಯ ತೋಟಗಳ ಸೋಗೆ ಕೆಂಪಾಯಿತು. ಬಳ್ಳಾರಿಯ ಗಣಿಗಾರಿಕೆಯ ಬಗ್ಗೆ ಪರಂಜಯ್ ಗುಹಾ ಠಾಕುರ್ತಾ ‘ಬ್ಲಡ್ ಅಂಡ್ ಐರನ್’ ಅನ್ನುವ ಸಾಕ್ಷ್ಯಚಿತ್ರ ಮಾಡಿದರು. 2011ರ ಜುಲೈನಲ್ಲಿ ಬಳ್ಳಾರಿಯಲ್ಲೂ ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ದರ 9 ಸಾವಿರಕ್ಕೂ ಕೆಳಗೆ ಹೋಯಿತು. ರೈತರು ರಸ್ತೆಗೆ ಇಳಿದರು. ಖರೀದಿಗೆ ಹೆಸರು ನೋಂದಾಯಿಸಲು ಜನ ರಾತ್ರಿಯೆಲ್ಲ ಚಪ್ಪಲಿ, ಚೀಲ, ಕಲ್ಲು ಸಾಲಾಗಿ ಇಟ್ಟು ಮಲಗಿದರು. ಆ ಸಾಲನ್ನು ಹುಡುಗರು ಮೊಬೈಲಿನಲ್ಲಿ ಹಿಡಿದರು. ಬೆಳಗಾಗುವುದರೊಳಗೆ ಅದು ಊರೂರಿಗೆ ಮುಟ್ಟಿತ್ತು. ನೆಹರೂ ಸಾವಿನ ರೀಲಿಗೆ ಆರು ತಿಂಗಳು ಕಾದವನಿಗೆ ಇದು ಪವಾಡ. ಆದರೆ ಒಬ್ಬೊಬ್ಬರೇ ಅವರವರ ಅಂಗೈಯಲ್ಲಿ ನೋಡಿದರು. ಸಿಟ್ಟಾದರು, ಮುಂದಿನದಕ್ಕೆ ಹೋದರು. ಎದ್ದು ನಿಂತು ಕೇಳುವುದಕ್ಕೆ ಎದುರಿಗೆ ಯಾರೂ ಇರಲಿಲ್ಲ.

ಸೇರಿ ನೋಡುವುದಕ್ಕೆ ಇವತ್ತಿಗೂ ಅಂಜುವವರು ಇದ್ದಾರೆ. ದೆಹಲಿಯ ಗಡಿಗಳಲ್ಲಿ ರೈತರು ಕೂತ ವರ್ಷವನ್ನು ನಮ್ಮ ಕೇಸರಿ ಹರವೂ ‘ಕಿಸಾನ್ ಸತ್ಯಾಗ್ರಹ’ ಅಂತ ಚಿತ್ರ ಮಾಡಿದರು. 2024ರ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅದನ್ನು ತೋರಿಸಲು ಕೇಂದ್ರ ಸರ್ಕಾರ ಅನುಮತಿ ಕೊಡಲಿಲ್ಲ. ಅನುಮತಿ ಇಲ್ಲ ಅಂದಿದ್ದು ಒಂದು ಕೋಣೆಯಲ್ಲಿ ಇನ್ನೂರು ಜನ ಒಟ್ಟಿಗೆ ಕೂತು ನೋಡುವುದಕ್ಕೆ. ‘ಸಭೆ ಬೇಡ, ಪರದೆ ಬಿಚ್ಚಿ’ ಅನ್ನುವ ಆ ಹಳೆಯ ಮಾತು ನನ್ನ ಕಿವಿಗೆ ಬಿತ್ತು.

ನನ್ನ ಅಣ್ಣನ ಮೊಮ್ಮಗಳು ತುಮಕೂರಿನಲ್ಲಿ ಓದುತ್ತಾಳೆ. ಹೋದ ಬೇಸಿಗೆಯಲ್ಲಿ, “ಅಜ್ಜ, ಕೊಬ್ಬರಿ ಕೆಲಸದ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡ್ತೀನಿ” ಅಂದಳು. ನಮ್ಮ ಅಟ್ಟದಿಂದ ಕಾಯಿ ಇಳಿಸಿ ಸುಲಿದು ಒಡೆಯುವ ಹೊತ್ತು. ಕೂಲಿಗೆ ನಾಲ್ಕು ಜನ ಹೆಂಗಸರು ಬಂದಿದ್ದರು. ಲೆಕ್ಕ ಸಾವಿರ ಕಾಯಿಗೆ ಇಷ್ಟು ಅಂತ. ಹುಡುಗಿ ಮೊಬೈಲನ್ನು ಅವರ ಕೈಗೆ ಹತ್ತಿರ ಹಿಡಿದಳು. ಮಚ್ಚಿನ ಬೆನ್ನು ಬಿದ್ದು ಕರಟ ಸೀಳುವುದು, ಬಿಳಿ ಗಿಟುಕು ಇಡಿಯಾಗಿ ಹೊರಗೆ ಉರುಳುವುದು, ಬೆರಳ ಸಂದಿಯ ಸೀಳುಗಳು, ಎಲ್ಲ ಬೆಳಕಿನಲ್ಲಿ ಚೆಂದ ಕಾಣುತ್ತಿತ್ತು. ಅವರಲ್ಲಿ ಹಿರಿಯಳು ಮಚ್ಚು ಕೆಳಗಿಟ್ಟಳು.

“ಕೈ ಯಾಕವ್ವ ತೆಗೀತಿಯ? ಕೈ ಎಲ್ರೂ ತೆಗ್ದವ್ರೆ. ಬಾ ಇಲ್ಲಿ” ಅಂದು ಕರೆದುಕೊಂಡು ಹೋಗಿ ಅಟ್ಟದ ಏಣಿಯ ಪಕ್ಕದ ಗೋಡೆ ತೋರಿಸಿದಳು. ನಮ್ಮ ಮನೆಯದೇ ಗೋಡೆ. ನೂರು ಕಾಯಿಗೆ ಒಂದರಂತೆ ಇದ್ದಲಿನಲ್ಲಿ ಎಳೆದ ಗೀಟುಗಳು. ಹತ್ತು ಗೀಟಿಗೆ ಒಂದು ಅಡ್ಡ. ಸುಣ್ಣದ ಕೆಳಗೆ ಹಿಂದಿನ ವರ್ಷಗಳ ಗೀಟುಗಳೂ ಮಸುಕಾಗಿ ಕಾಣುತ್ತಿದ್ದವು. “ಇದ್ನ ತೆಗಿ. ನಾನ್ ಎಣ್ಸಿ ಯೋಳ್ತೀನಿ. ಆಮೇಲ್ ನಿಮ್ಮಜ್ಜುನ್ ಪುಸ್ತಕದಾಗೆ ಎಷ್ಟ್ ಬರ್ದೈತೆ ಅದ್ನೂ ತೆಗಿ” ಅಂದಳು.

ಹುಡುಗಿ ನನ್ನ ಮುಖ ನೋಡಿದಳು. ನಾನು ಒಳಗೆ ಹೋಗಿ ಲೆಕ್ಕದ ಪುಸ್ತಕ ತಂದೆ. ಅವಳು ಮೊಬೈಲನ್ನು ಗೋಡೆಗೆ ಹಿಡಿದು, “ಎಷ್ಟು ಹೊತ್ತು ಇಡ್ಲಿ ಅಜ್ಜ?” ಅಂತ ಮೆಲ್ಲಗೆ ಕೇಳಿದಳು.

“ಆಯಮ್ಮ ಎಣಿಸಿ ಮುಗಿಸೋ ತನಕ” ಅಂದೆ. ಆಕೆ ಬೆರಳಿಟ್ಟು, ಮೊದಲ ಗೀಟಿನಿಂದ, ಜೋರಾಗಿ ಎಣಿಸತೊಡಗಿದಳು.